ಹುಳುಕಡ್ಡಿಗೆ ಎಣ್ಣೆಯೋ ಟ್ಯೂಬೋ: ಮೆಡಿಕಲ್ ಕೌಂಟರಿನ ಈಚೆಯಿಂದ ಒಂದು ಹೋಲಿಕೆ

ಮಳೆ ಜೋರಾಗಿರುವ ಆಟಿ ತಿಂಗಳಲ್ಲಿ ನಮ್ಮ ಮೆಡಿಕಲ್‌ಗೆ ಬರುವವರಲ್ಲಿ ಬಹಳ ಮಂದಿ ದನಿ ತಗ್ಗಿಸಿ ಮಾತಾಡುತ್ತಾರೆ. ಮೊದಲು ತಲೆನೋವಿನ ಮಾತ್ರೆ ಕೇಳುತ್ತಾರೆ, ಆಮೇಲೆ ಒಂದು ಬ್ಯಾಂಡೇಜು, ಪಕ್ಕದಲ್ಲಿ ನಿಂತವರು ಕೊಡೆ ಬಿಡಿಸಿಕೊಂಡು ಹೊರಟ ಮೇಲೆ ಮೆಲ್ಲಗೆ, "ಅಕ್ಕಾ, ತುರಿಕೆಗೆ ಎಂತಾದ್ರೂ ಉಂಟಾ?" ಕಾಸರಗೋಡು ಜಿಲ್ಲೆಯ ಬದಿಯಡ್ಕದ ಆಸುಪಾಸಿನ ಸಣ್ಣ ಪೇಟೆ ನಮ್ಮದು. ಹದಿಮೂರು ವರ್ಷದಿಂದ ಫಾರ್ಮಸಿಸ್ಟ್ ಆಗಿರುವ ನನಗೆ ಎಲ್ಲಿ ತುರಿಕೆ ಎಂದು ಕೇಳಬೇಕಾಗಿ ಬರುವುದು ಕಡಿಮೆ. ಕೈ ಎಲ್ಲಿಗೆ ಹೋಗಲು ಹೊರಟು ಅರ್ಧದಲ್ಲಿ ನಿಂತಿತು ಎಂದು ನೋಡಿದರೆ ಗೊತ್ತಾಗುತ್ತದೆ.

ಕನ್ನಡದವರು ಇದನ್ನು ಹುಳುಕಡ್ಡಿ, ಗಜಕರ್ಣ ಎನ್ನುತ್ತಾರೆ. ಮಲಯಾಳದವರು ವಟ್ಟಚ್ಚೊರಿ, ಪುಳುಕ್ಕಡಿ ಎನ್ನುತ್ತಾರೆ. ಎರಡೂ ಭಾಷೆಯವರು ಹುಳವೊಂದು ಕಡಿದಿದೆ ಎಂದೇ ನಂಬಿದ್ದಾರೆ, ಆದರೆ ಅಲ್ಲಿ ಹುಳ ಇಲ್ಲ. ಹಳೆ ಚಪ್ಪಲಿ, ಕಪಾಟಿನೊಳಗಿನ ರೇಷ್ಮೆ ಸೀರೆ, ಉಪ್ಪಿನಕಾಯಿ ಭರಣಿಯ ಬಾಯಿ ಇವಕ್ಕೆ ಹಿಡಿಯುವ ಬೂಷ್ಟಿನ ದಾಯಾದಿ ಅದು. ಸತ್ತ ಚರ್ಮ, ಕೂದಲು, ಉಗುರಿನಲ್ಲಿರುವ ಕೆರಾಟಿನ್ ಎಂಬ ಪ್ರೋಟೀನು ತಿಂದು ಬದುಕುತ್ತದೆ. ಬೆವರು, ಒದ್ದೆ ಬಟ್ಟೆ, ಗಾಳಿಯಾಡದ ಸಂದಿ ಸಿಕ್ಕರೆ ಅದಕ್ಕೆ ಹಬ್ಬ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕಡೆ ಈ ಮೂರೂ ಪುಕ್ಕಟೆ.

ಈಚೆಗೆ ಕೇಳುವ ಮಾತು ಸ್ವಲ್ಪ ಬದಲಾಗಿದೆ. "ಕ್ರೀಮು ಬೇಡ ಅಕ್ಕಾ, ಕೆಮಿಕಲ್ ಅಲ್ವಾ? ಟೀ ಟ್ರೀ ಆಯಿಲ್ ಉಂಟಾ?" ಕಾಲೇಜಿನ ಮಕ್ಕಳು ಕೇಳುತ್ತಾರೆ, ಗಲ್ಫಿನಿಂದ ರಜೆಗೆ ಬಂದವರು ಕೇಳುತ್ತಾರೆ. ಕೆಮಿಕಲ್ ವಿಷಯಕ್ಕೆ ನನ್ನ ಉತ್ತರ ಚಿಕ್ಕದು: ಟೀ ಟ್ರೀ ಎಣ್ಣೆಯಲ್ಲಿ ಕೆಲಸ ಮಾಡುವ ಟರ್ಪಿನೆನ್-4-ಆಲ್ ಕೂಡ ಕೆಮಿಕಲ್ಲೇ, ನಾವು ಜಗಿಯುವ ಅಡಿಕೆಯಲ್ಲಿರುವ ಅರೆಕೋಲಿನ್ ಕೂಡ ಕೆಮಿಕಲ್ಲೇ. ಎಣ್ಣೆ ಒಳ್ಳೆಯದೋ ಟ್ಯೂಬು ಒಳ್ಳೆಯದೋ ಎಂಬ ಪ್ರಶ್ನೆಗಿಂತ ಮೈಯ ಯಾವ ಜಾಗಕ್ಕೆ, ಎಷ್ಟು ಅಳತೆಯಲ್ಲಿ ಎಂಬುದು ಮುಖ್ಯ. ಈ ಪಾಠ ನನಗೆ ಕಾಲೇಜಿನಲ್ಲಿ ಹತ್ತಿದ್ದಕ್ಕಿಂತ ಹೆಚ್ಚು ಮನೆಯಲ್ಲೇ ಹತ್ತಿತು.

ಮಾವನ ಕಾಲು

ನಮ್ಮ ಮನೆಯಲ್ಲಿ ಅಡಿಕೆ ತೋಟ. ಮಳೆಗಾಲವಿಡೀ ಮಾವನ ಕಾಲು ಗಂಬೂಟಿನೊಳಗೆ. ಕಿರುಬೆರಳು ಮತ್ತು ಅದರ ಪಕ್ಕದ ಬೆರಳಿನ ನಡುವೆ ಚರ್ಮ ಬೆಳ್ಳಗೆ ನೆನೆದು, ಸಿಪ್ಪೆ ಎದ್ದು, ನಡುವೆ ಸೀಳು. ನನ್ನಲ್ಲಿ ಹೇಳಲಿಲ್ಲ. ನೆಲ ಒರೆಸುವ ನೀರಿಗೆ ಹಾಕಲು ತಂದಿಟ್ಟ ಪುಲ್‌ತೈಲ ಎಂಬ ಹುಲ್ಲಿನೆಣ್ಣೆಯ ಬಾಟಲಿಯಿಂದ ನೇರ ಬೆರಳ ಸಂದಿಗೆ ಸುರಿದುಕೊಂಡರು, ಮೂರು ದಿನ. ನಾಲ್ಕನೆಯ ದಿನ ಪಾದದ ಮೇಲೆಲ್ಲ ಕೆಂಪು, ನೀರು ತುಂಬಿದ ಗುಳ್ಳೆ.

"ನೆಲದ ಕ್ರಿಮಿ ಸಾಯ್ತದೆ ಅಂತಾದ್ರೆ ಕಾಲಿನ ಕ್ರಿಮಿ ಸಾಯುದಿಲ್ವಾ?" ಎಂದು ಅವರದು.

"ನೆಲಕ್ಕೆ ಚರ್ಮ ಇಲ್ಲ ಮಾವ," ಎಂದೆ.

ಇದೇ ಮನುಷ್ಯ ಅಡಿಕೆಯ ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣ ಮಾಡುವಾಗ 1 ಕೆ.ಜಿ. ಮೈಲುತುತ್ತು, 1 ಕೆ.ಜಿ. ಸುಣ್ಣ, 100 ಲೀಟರ್ ನೀರು ಎಂಬ ಶೇಕಡಾ 1ರ ಲೆಕ್ಕದಿಂದ ಕೂದಲೆಳೆ ಆಚೀಚೆ ಆಗಲು ಬಿಡುವವರಲ್ಲ. ಬೆರೆಸಿ ಆದ ಮೇಲೆ ಉಜ್ಜಿದ ಕತ್ತಿಯ ಅಲಗು ಅದ್ದಿ ನೋಡುತ್ತಾರೆ. ಅಲಗಿಗೆ ತಾಮ್ರದ ಕೆಂಪು ಹಿಡಿದರೆ ಸುಣ್ಣ ಸಾಲದು, ಹಾಗೇ ಬಿಟ್ಟರೆ ಅಡಿಕೆ ಗೊನೆ ಸುಡುತ್ತದೆ ಎಂದು ಇನ್ನಷ್ಟು ಸುಣ್ಣದ ತಿಳಿ ಸೇರಿಸುತ್ತಾರೆ. ಅಡಿಕೆ ಗೊನೆಗೆ ಕೊಟ್ಟ ಮರ್ಯಾದೆಯನ್ನು ಸ್ವಂತ ಕಾಲಿಗೆ ಕೊಡಲಿಲ್ಲ, ಅಷ್ಟೇ. ಅಂದಹಾಗೆ, ಕೊಳೆರೋಗ ತರುವ ಫೈಟೋಫ್ತೊರ ಬೂಷ್ಟಿನ ಹಾಗೆ ಕಂಡರೂ ಜಾತಿಯಲ್ಲಿ ನಿಜವಾದ ಶಿಲೀಂಧ್ರ ಅಲ್ಲ. ತೋಟದ ಮೈಲುತುತ್ತನ್ನು ಕಾಲಿಗೆ ಹಚ್ಚಬಹುದಾ ಎಂದು ಕೇಳಿದವರೂ ಇರುವುದರಿಂದ ಹೇಳಿದೆ. ಹಚ್ಚಬಾರದು.

ಎಣ್ಣೆ ಎಂದರೆ ಯಾವ ಎಣ್ಣೆ?

ತೆಂಗು, ಬೇವು, ಹೊಂಗೆ ಇವು ಗಾಣದ ಎಣ್ಣೆಗಳು. ಬೀಜ, ಕಾಯಿ ಹಿಂಡಿ ತೆಗೆದ ಜಿಡ್ಡು. ಎಸೆನ್ಶಿಯಲ್ ಆಯಿಲ್ ಎಂಬುದು ಎಲೆ, ಹೂ, ತೊಗಟೆಗಳಿಗೆ ಹಬೆ ಹಾಯಿಸಿ ಭಟ್ಟಿ ಇಳಿಸಿದ್ದು. ಅದರಲ್ಲಿ ಜಿಡ್ಡೇ ಇಲ್ಲ, ಇರುವುದು ಪರಿಮಳದ ಸತ್ವ. ಒಂದು ಹನಿಯನ್ನು ಬಿಳಿ ಕಾಗದದ ಮೇಲೆ ಬಿಟ್ಟು ಮರುದಿನ ನೋಡಿ. ಅಪ್ಪಟ ಟೀ ಟ್ರೀ ಅಥವಾ ನೀಲಗಿರಿ ಎಣ್ಣೆ ಆರಿ ಹೋಗಿರುತ್ತದೆ. ಅಗ್ಗದ ಎಣ್ಣೆ ಬೆರೆಸಿದ್ದಾದರೆ ಹಪ್ಪಳ ಇಟ್ಟೆದ್ದ ಹಾಗೆ ಜಿಡ್ಡಿನ ಕಲೆ ಉಳಿಯುತ್ತದೆ. ಲ್ಯಾಬಿನಲ್ಲಿ ಮಾಡಿದ ಪರಿಮಳ ಬೆರೆಸಿದ್ದರೆ ಮಾತ್ರ ಈ ಪರೀಕ್ಷೆಗೆ ಸಿಕ್ಕುವುದಿಲ್ಲ. ಲೇಬಲ್ಲಿನಲ್ಲಿ ಗಿಡದ ಶಾಸ್ತ್ರೀಯ ಹೆಸರು ಇಲ್ಲದೆ ಬರೀ "ಫ್ರೇಗ್ರನ್ಸ್ ಆಯಿಲ್" ಎಂದಿದ್ದರೆ ಅದು ಕೋಣೆಗೆ, ಮೈಗಲ್ಲ.

ಈ ಎಣ್ಣೆಗಳನ್ನೆಲ್ಲ ಗಾಜಿನ ತಟ್ಟೆಯಲ್ಲಿ ಬೆಳೆಸಿದ ಬೂಷ್ಟಿನ ಮೇಲೆ ಹಾಕಿದರೆ ಬಹುತೇಕ ಎಲ್ಲವೂ ಕೊಲ್ಲುತ್ತವೆ. ಫೋನಿನಲ್ಲಿ ತಿರುಗುವ ವಿಡಿಯೋಗಳು ಹೇಳುವ "ವಿಜ್ಞಾನಿಗಳು ಸಾಬೀತು ಮಾಡಿದ್ದಾರೆ" ಎಂಬುದು ಹೆಚ್ಚಾಗಿ ಇದೇ. ತಟ್ಟೆಗೆ ತುರಿಕೆ ಇಲ್ಲ, ಬೆವರಿಲ್ಲ, ಅದು ಗುಳ್ಳೆ ಏಳುವುದೂ ಇಲ್ಲ. ಮನುಷ್ಯರ ಮೇಲೆ ಗಟ್ಟಿಯಾಗಿ ಪರೀಕ್ಷೆ ಆದದ್ದು ಮುಖ್ಯವಾಗಿ ಟೀ ಟ್ರೀ ಎಣ್ಣೆ. ಹಾಗಾಗಿ ಅದಕ್ಕೇ ಹೆಚ್ಚು ಜಾಗ ಕೊಡುತ್ತೇನೆ.

ಟೀ ಟ್ರೀ

ಹೆಸರಿನಲ್ಲಿ ಟೀ ಇದ್ದರೂ ನಾವು ಕುಡಿಯುವ ಚಹಾ ಗಿಡಕ್ಕೂ ಇದಕ್ಕೂ ಸಂಬಂಧ ಇಲ್ಲ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ಕಡೆಯ ಮೆಲಲ್ಯೂಕಾ ಆಲ್ಟರ್ನಿಫೋಲಿಯಾ ಎಂಬ ಗಿಡದ ಎಲೆಯಿಂದ ಇಳಿಸುತ್ತಾರೆ. ನಮ್ಮ ನೇರಳೆ, ಪೇರಳೆಗಳ ಕುಟುಂಬದ್ದು. ಅಂತಾರಾಷ್ಟ್ರೀಯ ಮಾನದಂಡದ ಪ್ರಕಾರ ಟರ್ಪಿನೆನ್-4-ಆಲ್ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಇರಬೇಕು, ಸಿನಿಯೋಲ್ ಎಂಬ ಇನ್ನೊಂದು ಅಂಶ ಶೇಕಡಾ 10 ಮೀರಬಾರದು.

ಬೆರಳ ಸಂದಿ ಕೊಳೆಯುವ ಕಾಯಿಲೆಗೆ ಇದನ್ನು ಎರಡು ಬಾರಿ ಚೆನ್ನಾಗಿ ಪರೀಕ್ಷಿಸಿದ್ದಾರೆ, ಎರಡರ ಉತ್ತರವೂ ಬೇರೆ. 1992ರಲ್ಲಿ 104 ಜನರ ಮೇಲೆ ನಡೆದ ಪರೀಕ್ಷೆಯಲ್ಲಿ ಶೇಕಡಾ 10ರ ಟೀ ಟ್ರೀ ಕ್ರೀಮು ತುರಿಕೆ, ಸಿಪ್ಪೆ, ಉರಿಗಳನ್ನು ಇಳಿಸಿತು. ಆದರೆ ಚರ್ಮ ಕೆರೆದು ಲ್ಯಾಬಿಗೆ ಕಳಿಸಿ ನೋಡಿದರೆ ಬೂಷ್ಟು ಹೋದವರ ಪ್ರಮಾಣ ಬರೀ ಕ್ರೀಮು ಹಚ್ಚಿದವರಿಗಿಂತ ಹೇಳಿಕೊಳ್ಳುವಷ್ಟು ಮೇಲೇನೂ ಇರಲಿಲ್ಲ. 2002ರಲ್ಲಿ 158 ಜನರ ಮೇಲೆ ದಿನಕ್ಕೆ ಎರಡು ಸಲದಂತೆ 4 ವಾರ ಮಾಡಿದಾಗ ಶೇಕಡಾ 25ರ ದ್ರಾವಣದಲ್ಲಿ ನೂರಕ್ಕೆ 55 ಮಂದಿಯಲ್ಲಿ, ಶೇಕಡಾ 50ರದ್ದರಲ್ಲಿ 64 ಮಂದಿಯಲ್ಲಿ ಬೂಷ್ಟು ಹೋಗಿತ್ತು. ಮದ್ದಿಲ್ಲದ ದ್ರಾವಣ ಹಚ್ಚಿದವರಲ್ಲಿ 31. ಟೀ ಟ್ರೀ ಹಚ್ಚಿದವರಲ್ಲಿ ನಾಲ್ವರಿಗೆ ಚರ್ಮ ಚೆನ್ನಾಗಿಯೇ ಕೆರಳಿತು.

ಈ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ತೆಳು ಮಾಡಿದರೆ ತುರಿಕೆ ನಿಲ್ಲುತ್ತದೆ, ಬೂಷ್ಟು ಉಳಿಯುತ್ತದೆ. ತುರಿಕೆ ನಿಂತಿತೆಂದು ನೀವು ಹಚ್ಚುವುದು ಬಿಡುತ್ತೀರಿ, ಹದಿನೈದು ದಿನದಲ್ಲಿ ಅದು ವಾಪಸು. ಗಟ್ಟಿ ಮಾಡಿದರೆ ಬೂಷ್ಟು ಸಾಯುತ್ತದೆ, ಕೆಲವರ ಚರ್ಮ ತಡೆಯುವುದಿಲ್ಲ. ನಡುವೆ ಇರುವ ಓಣಿ ಬಹಳ ಕಿರಿದು. ಎಲ್ಲ ಎಸೆನ್ಶಿಯಲ್ ಆಯಿಲ್‌ಗಳ ಕಥೆಯೂ ಇದೇ. ಟೀ ಟ್ರೀಗೆ ಆ ಓಣಿ ಕಾಲು ಹಾಕುವಷ್ಟಾದರೂ ಅಗಲ ಇದೆ, ಉಳಿದವಕ್ಕೆ ಅದೂ ಇಲ್ಲ.

ಉಗುರಿನ ವಿಷಯದಲ್ಲಿ 1994ರ ಒಂದು ಪರೀಕ್ಷೆಯನ್ನು ಎಣ್ಣೆ ಮಾರುವವರು ಬಾಯಿಪಾಠ ಹೇಳುತ್ತಾರೆ: ಅಪ್ಪಟ ಟೀ ಟ್ರೀ ಎಣ್ಣೆ ಶೇಕಡಾ 1ರ ಕ್ಲೋಟ್ರಿಮಜೋಲ್ ಎಂಬ ಬೂಷ್ಟಿನ ಮದ್ದಿಗೆ ಸರಿಸಮ ಎಂದು. ನಿಜ, ಸರಿಸಮವೇ. 117 ಜನ ಆರು ತಿಂಗಳು ದಿನಕ್ಕೆ ಎರಡು ಸಲ ಹಚ್ಚಿದ ಮೇಲೆ ಲ್ಯಾಬಿನಲ್ಲಿ ಬೂಷ್ಟು ಹೋದದ್ದು ಎಣ್ಣೆಯವರಲ್ಲಿ ನೂರಕ್ಕೆ 18, ಕ್ಲೋಟ್ರಿಮಜೋಲ್‌ನವರಲ್ಲಿ 11. ಮೇಲಿಂದ ಹಚ್ಚಿದ ಕ್ಲೋಟ್ರಿಮಜೋಲ್ ಉಗುರಿಗೆ ಸರಿಯಾಗಿ ಇಳಿಯುವುದಿಲ್ಲ ಎಂದು ಗೊತ್ತಿದ್ದವರಿಗೆ ಈ ಸಮಬಲದಲ್ಲಿ ಹೆಮ್ಮೆ ಪಡುವಂಥದ್ದೇನೂ ಕಾಣುವುದಿಲ್ಲ. ಓಟದಲ್ಲಿ ಕುಂಟನ ಜೊತೆ ಸರಿಸಮ ಬಂದ ಹಾಗೆ.

ಬಾಟಲಿ ತೆರೆದ ಮೇಲೆ ಗಾಳಿ, ಬೆಳಕು ತಾಗಿ ಟೀ ಟ್ರೀ ಹಳಸುತ್ತದೆ. ಹಳಸಿದ ಎಣ್ಣೆಯೇ ಅಲರ್ಜಿಗೆ ಹೆಚ್ಚು ಕಾರಣ. ಕಂದು ಗಾಜಿನ ಸಣ್ಣ ಬಾಟಲಿ ತನ್ನಿ, ತೆರೆದ ತಾರೀಕು ಬರೆದಿಡಿ, ವರ್ಷ ದಾಟಿದ್ದನ್ನು ಮೈಗೆ ಹಚ್ಚಬೇಡಿ. ಕುಡಿಯುವುದಂತೂ ಬೇಡವೇ ಬೇಡ. ಒಂದು ಚಮಚ ಹೊಟ್ಟೆಗೆ ಹೋದರೂ ಮಕ್ಕಳು ತೂರಾಡಿ ಪ್ರಜ್ಞೆ ತಪ್ಪುವಂತಾಗಬಹುದು. ಮನೆಯಲ್ಲಿ ಬೆಕ್ಕಿದ್ದರೆ ಹಚ್ಚಿದ ಕಾಲನ್ನು ಅದು ನೆಕ್ಕದ ಹಾಗೆ ನೋಡಿಕೊಳ್ಳಿ, ಬೆಕ್ಕಿಗೆ ಅದು ವಿಷ.

ಪುಲ್‌ತೈಲ, ಲವಂಗ, ಓಮ, ನೀಲಗಿರಿ

ಪುಲ್‌ತೈಲ ಎಂದರೆ ಮಜ್ಜಿಗೆ ಹುಲ್ಲಿನ ಎಣ್ಣೆ. ಕೇರಳದ್ದೇ ಸರಕು, ಕೊಚ್ಚಿಯ ಬಂದರಿನಿಂದ ಹೊರಡುತ್ತಿದ್ದ ಕಾರಣ ಜಗತ್ತಿನ ಪೇಟೆಯಲ್ಲಿ ಕೊಚ್ಚಿನ್ ಆಯಿಲ್ ಎಂದೇ ಹೆಸರು. ಎರ್ನಾಕುಳಂ ಜಿಲ್ಲೆಯ ಓಡಕ್ಕಾಲಿಯಲ್ಲಿ ಈ ಹುಲ್ಲಿಗೆಂದೇ ಶುರುವಾದ ಸಂಶೋಧನಾ ಕೇಂದ್ರ ಇದೆ. ಎಣ್ಣೆಯ ಮುಕ್ಕಾಲು ಭಾಗದಷ್ಟು ಸಿಟ್ರಾಲ್ ಎಂಬ ಪರಿಮಳದ ಸತ್ವ. ತಟ್ಟೆಯಲ್ಲಿ ಬೂಷ್ಟು ಕೊಲ್ಲುವುದರಲ್ಲಿ ಟೀ ಟ್ರೀಗಿಂತ ಚುರುಕು. ಆದರೆ ಸಿಟ್ರಾಲ್ ಅಲರ್ಜಿ ತರಿಸುವುದರಲ್ಲೂ ಅಷ್ಟೇ ಚುರುಕು. ಚರ್ಮಕ್ಕೆ ಶೇಕಡಾ 1ಕ್ಕಿಂತ ಕಡಿಮೆ ಇರಬೇಕು ಎನ್ನುತ್ತಾರೆ ಬಲ್ಲವರು, ಅಂದರೆ 10 ಮಿ.ಲೀ. ತೆಂಗಿನೆಣ್ಣೆಗೆ ಒಂದೇ ಹನಿ. ಅಷ್ಟು ತೆಳುವಾದಾಗ ಪರಿಮಳ ಬಿಟ್ಟರೆ ಹೆಚ್ಚಿನದೇನೂ ಸಿಗಲಾರದು. ಇದರ ಯೋಗ್ಯ ಜಾಗ ಬಚ್ಚಲಿನ ನೆಲ. ಅಲ್ಲಿ ನಾನೂ ಧಾರಾಳ ಬಳಸುತ್ತೇನೆ.

ಲವಂಗದ ಎಣ್ಣೆ ಹಲ್ಲುನೋವಿಗೆ ಎಲ್ಲರ ಮನೆಯಲ್ಲೂ ಇರುತ್ತದೆ. ಒಂದು ಥರ್ಮೊಕೋಲ್ ಕಪ್ಪಿನೊಳಗೆ ನಾಲ್ಕು ಹನಿ ಬಿಟ್ಟು ನೋಡಿ. ಸ್ವಲ್ಪ ಹೊತ್ತಿಗೆ ಹನಿ ಬಿದ್ದ ಕಡೆ ಕಪ್ಪು ಕುಗ್ಗಿ ಗುಳಿ ಬೀಳುತ್ತದೆ. ಒಮ್ಮೆ ಅಂಗಡಿಯಲ್ಲಿ ಒಬ್ಬರಿಗೆ ಇದನ್ನು ಮಾಡಿ ತೋರಿಸಿದ ಮೇಲೆ ಅವರು ತೊಡೆ ಸಂದಿಗೆ ಲವಂಗದೆಣ್ಣೆ ಹಚ್ಚುವ ಆಲೋಚನೆ ಬಿಟ್ಟರು. ಥರ್ಮೊಕೋಲ್ ಕರಗಿದ ಹಾಗೆ ಚರ್ಮ ಕರಗುವುದಿಲ್ಲ, ಒಪ್ಪುತ್ತೇನೆ, ಆದರೆ ಆ ಜಾಗದ ಚರ್ಮಕ್ಕೆ ಲವಂಗದೆಣ್ಣೆಯ ಯೂಜಿನಾಲ್ ತಾಗಿದರೆ ರಾತ್ರಿಯಿಡೀ ಫ್ಯಾನಿನ ಕೆಳಗೆ ನಿಲ್ಲಬೇಕಾಗುತ್ತದೆ. ಓಮದ ಎಣ್ಣೆಯ ಥೈಮಾಲ್, ದಾಲ್ಚಿನ್ನಿ ಎಣ್ಣೆಯ ಸಿನಮಾಲ್ಡಿಹೈಡ್ ಇವೂ ಇದೇ ಸಾಲಿನವು. ಬೂಷ್ಟಿಗೆ ಯಮ, ಚರ್ಮಕ್ಕೂ ಯಮ.

ನೀಲಗಿರಿ ಎಣ್ಣೆ ಮೂಗು ಕಟ್ಟಿದಾಗ ಸರಿ, ಹುಳುಕಡ್ಡಿಗೆ ಸಪ್ಪೆ. ತೆಂಗಿನೆಣ್ಣೆಗೆ ಕರ್ಪೂರ ಹಾಕಿ ಬಿಸಿ ಮಾಡಿ ಹಚ್ಚುವುದು ನಮ್ಮ ಅಜ್ಜಿಯಂದಿರ ಪದ್ಧತಿ. ತುರಿಕೆಗೆ ತಂಪೆನಿಸುವುದು ನಿಜ, ಕಾಯಿಲೆ ಗುಣವಾಗುವುದಿಲ್ಲ. ಪೂಜೆಯ ಕರ್ಪೂರವಾಗಲಿ ನೀಲಗಿರಿ ಎಣ್ಣೆಯಾಗಲಿ ಸಣ್ಣ ಮಕ್ಕಳ ಹೊಟ್ಟೆಗೆ ಹೋದರೆ ಅಪಸ್ಮಾರದ ಹಾಗೆ ಸೆಳೆತ ಬರಬಹುದು. ಬಾಟಲಿ ಕೈಗೆಟುಕದ ಕಡೆ ಇರಲಿ.

ಬೇವು, ಹೊಂಗೆ ಎಣ್ಣೆಗಳು ಮೈಗೆ ಮೆದು, ಕೆಲಸದಲ್ಲೂ ಮೆದು. ವಾಸನೆಗೆ ಮಾತ್ರ ಮೆದು ಅಲ್ಲ.

ಮೈಯ ಯಾವ ಜಾಗಕ್ಕೆ ಯಾವುದು

ಕಾಲ್ಬೆರಳ ಸಂದಿಗೆ, ಶುರುವಿನಲ್ಲೇ, ಸೀಳು ರಕ್ತ ಇಲ್ಲದಿದ್ದರೆ, ಟೀ ಟ್ರೀ ಒಂದು ಸಲ ನೋಡಬಹುದು. ಎಣ್ಣೆಯ ಪಕ್ಷಕ್ಕೆ ನಾನು ಮನಃಪೂರ್ವಕ ಬಿಟ್ಟುಕೊಡುವ ಜಾಗ ಇದೊಂದೇ. ಆದರೂ ಇಲ್ಲಿ ಟರ್ಬಿನಾಫಿನ್ ಅಥವಾ ಕ್ಲೋಟ್ರಿಮಜೋಲ್ ಟ್ಯೂಬು ಹೆಚ್ಚು ಖಾತ್ರಿ, ಹಣದಲ್ಲೂ ಒಳ್ಳೆಯ ಎಣ್ಣೆಗಿಂತ ಅಗ್ಗ. ಕ್ಲೋಟ್ರಿಮಜೋಲ್ ಆದರೆ ನಾಲ್ಕು ವಾರ ಬಿಡದೆ ಹಚ್ಚಬೇಕು, ಟರ್ಬಿನಾಫಿನ್ ಒಂದೆರಡು ವಾರದಲ್ಲಿ ಕೆಲಸ ಮುಗಿಸುತ್ತದೆ. ಶುಗರ್ ಇರುವವರು, ಆನೆಕಾಲಿನ ತೊಂದರೆ ಇರುವವರು ಎಣ್ಣೆ ಪ್ರಯೋಗಕ್ಕೇ ಹೋಗಬೇಡಿ. ಆ ಸಣ್ಣ ಸೀಳಿನಿಂದ ಬ್ಯಾಕ್ಟೀರಿಯಾ ಒಳಹೊಕ್ಕು ಕಾಲು ಕೆಂಪಗೆ ಊದಿ, ಚಳಿಜ್ವರ ಬಂದು ಮಂಗಳೂರಿನ ಆಸ್ಪತ್ರೆಯಲ್ಲಿ ಮಲಗಿದವರನ್ನು ಕಂಡಿದ್ದೇನೆ.

ತೊಡೆ ಸಂದಿ, ಸ್ತನದ ಕೆಳಗಿನ ಮಡಿಕೆ, ಮಕ್ಕಳ ಲಂಗೋಟಿ ಜಾಗ, ಗುಪ್ತಾಂಗ: ಯಾವ ಎಸೆನ್ಶಿಯಲ್ ಆಯಿಲ್ಲೂ ಬೇಡ. ತೆಳು ಚರ್ಮ, ಮುಚ್ಚಿದ ಜಾಗ, ಎಣ್ಣೆ ಆವಿಯಾಗಿ ಹೋಗಲು ದಾರಿಯಿಲ್ಲ. ಹೆಂಗಸರ ಬಿಳಿಮುಟ್ಟಿನ ತುರಿಕೆಗೆ ಟೀ ಟ್ರೀ ಹನಿ ಒಳಗಿಡಿ ಎಂದು ಹೇಳುವ ವಿಡಿಯೋ ಒಂದನ್ನು ಗಿರಾಕಿಯೊಬ್ಬರು ತೋರಿಸಿದಾಗ ನನಗೇ ಮೈ ಉರಿಯಿತು.

ಹೊಟ್ಟೆ, ಬೆನ್ನು, ತೋಳಿನ ಮೇಲಿನ ಉಂಗುರ ಒಂದೆರಡು ಇದ್ದರೆ ಟ್ಯೂಬು. ಅಂಚಿನಿಂದ ಎರಡು ಸೆಂಟಿಮೀಟರ್ ಆಚೆಗೂ ಹಚ್ಚಿ, ಮಾಯವಾದ ಮೇಲೂ ಎರಡು ವಾರ ಮುಂದುವರಿಸಿ. ನಮ್ಮವರು ನಡುವೆ ಮಾತ್ರ ಹಚ್ಚುತ್ತಾರೆ. ಬೂಷ್ಟು ಇರುವುದು ಅಂಚಿನಲ್ಲಿ; ಕಾಡಿನ ಬೆಂಕಿಯ ಹಾಗೆ ನಡು ಆರಿ ಅಂಚು ಉರಿಯುತ್ತಿರುತ್ತದೆ. ನಾಲ್ಕೈದು ಕಡೆ ಇದ್ದರೆ, ಮನೆಯಲ್ಲಿ ಇನ್ನೊಬ್ಬರಿಗೂ ಇದ್ದರೆ, ಚರ್ಮದ ಡಾಕ್ಟರು. ಇದಕ್ಕೆ ಕಾರಣ ಇದೆ. ಕಳೆದ ಹತ್ತು ಹನ್ನೆರಡು ವರ್ಷಗಳಲ್ಲಿ ನಮ್ಮ ದೇಶದಲ್ಲಿ ಹಬ್ಬಿದ ಹುಳುಕಡ್ಡಿ ಹಳೆಯ ಹುಳುಕಡ್ಡಿ ಅಲ್ಲ. 2020ರಲ್ಲಿ ಅದಕ್ಕೆ ಟ್ರೈಕೊಫೈಟನ್ ಇಂಡೊಟಿನಿಯೆ ಎಂದು ಹೆಸರಿಟ್ಟರು. ಇಂಡಿಯಾದ ಹೆಸರು ಹೊತ್ತೇ ಜಗತ್ತು ಸುತ್ತುತ್ತಿದೆ. ಇದರ ಹಲವು ತಳಿಗಳು ಟರ್ಬಿನಾಫಿನ್‌ಗೂ ಬಗ್ಗುವುದಿಲ್ಲ. ಅಂಥದರ ಮುಂದೆ ಶೇಕಡಾ 5ರ ಎಣ್ಣೆ ಹಿಡಿದು ನಿಲ್ಲುವುದು ಕೊಡೆ ಹಿಡಿದು ಹೊಳೆಗೆ ಅಡ್ಡ ನಿಂತ ಹಾಗೆ.

ಚಿಬ್ಬು ಮತ್ತು ತಲೆಹೊಟ್ಟು ಬೇರೆ ಲೆಕ್ಕ. ಇವಕ್ಕೆ ಕಾರಣವಾದ ಮಲಸೀಜಿಯಾ ಎಲ್ಲರ ಚರ್ಮದ ಮೇಲೂ ಇದೆ, ಜಿಡ್ಡು ತಿಂದೇ ಬದುಕುತ್ತದೆ. ಹೊಟ್ಟೆಂದು ರಾತ್ರಿ ತಲೆಗೆ ತೆಂಗಿನೆಣ್ಣೆ ಮೆತ್ತಿಕೊಂಡು ಮಲಗಿದರೆ ಅದಕ್ಕೆ ಊಟ ಬಡಿಸಿದ ಹಾಗಾದೀತು. ಈ ಮಾತು ಹೇಳಿ ನಾನು ನಮ್ಮ ಅಮ್ಮನ ಕೈಯಲ್ಲಿ ಬೈಸಿಕೊಂಡಿದ್ದೇನೆ. ಹೊಟ್ಟಿಗೆ ಶೇಕಡಾ 5ರ ಟೀ ಟ್ರೀ ಶಾಂಪೂವನ್ನು 126 ಜನರಲ್ಲಿ ನಾಲ್ಕು ವಾರ ಪರೀಕ್ಷಿಸಿದಾಗ ತೊಂದರೆ ಶೇಕಡಾ 41ರಷ್ಟು ಇಳಿಯಿತು, ಬರೀ ಶಾಂಪೂವಿನಲ್ಲಿ 11. ಪರವಾಗಿಲ್ಲ ಎನ್ನಬಹುದು. ಕೀಟೋಕೊನಜೋಲ್ ಶೇಕಡಾ 2ರ ಶಾಂಪೂ ಇದಕ್ಕಿಂತ ಬಲವಾದದ್ದು, ಚಿಬ್ಬಿಗೂ ಅದನ್ನೇ ಎದೆ ಬೆನ್ನಿಗೆ ಹಚ್ಚಿ ಐದು ನಿಮಿಷ ಬಿಟ್ಟು ತೊಳೆಯಬಹುದು. ಬೂಷ್ಟು ಸತ್ತ ಮೇಲೂ ಬಿಳಿ ಕಲೆ ತಿಂಗಳುಗಟ್ಟಲೆ ಇರುತ್ತದೆ, ಮದ್ದು ಹಿಡಿಯಲಿಲ್ಲ ಎಂದು ಟ್ಯೂಬು ಬದಲಿಸುತ್ತಾ ಹೋಗಬೇಡಿ.

ಉಗುರು ದಪ್ಪಗಾಗಿ ಹಳದಿಯಾಗಿದ್ದರೆ ಮೊದಲು ಅದು ಬೂಷ್ಟೇ ಹೌದಾ ಎಂದು ನೋಡಿಸಿ. ಹಾಗೆ ಕಾಣುವ ಉಗುರುಗಳಲ್ಲಿ ಸರಿಸುಮಾರು ಅರ್ಧಕ್ಕಷ್ಟೇ ಬೂಷ್ಟು. ಉಳಿದದ್ದು ಸೋರಿಯಾಸಿಸ್, ಬೂಟು ಒತ್ತಿದ್ದು, ಹಾರೆ ಬಿದ್ದ ಹಳೆ ಪೆಟ್ಟು. ಉಗುರಿನ ಪುಡಿ ಕೆರೆದು ಕೆ.ಓ.ಎಚ್. ದ್ರಾವಣ ಹಾಕಿ ಮೈಕ್ರೊಸ್ಕೋಪಿನಲ್ಲಿ ನೋಡುವ ಪರೀಕ್ಷೆಗೆ ಹೆಚ್ಚು ಹಣವೂ ಇಲ್ಲ, ಹೆಚ್ಚು ಹೊತ್ತೂ ಇಲ್ಲ. ಕಾಲಿನ ಹೆಬ್ಬೆರಳ ಉಗುರು ತಿಂಗಳಿಗೆ ಒಂದೂವರೆ ಮಿ.ಮೀ. ಬೆಳೆದರೆ ಹೆಚ್ಚು, ಪೂರ್ತಿ ಹೊಸತು ಬರಲು ವರ್ಷ ದಾಟುತ್ತದೆ. ಅಲ್ಲಿ ಎಣ್ಣೆಯವರಿಗೂ ಮದ್ದಿನವರಿಗೂ ತಾಳ್ಮೆ ಒಂದೇ. ಡಾಕ್ಟರು ಬರೆದುಕೊಡುವ ಮಾತ್ರೆ ಅಥವಾ ಅಮೊರೊಲ್ಫಿನ್ ಉಗುರುಬಣ್ಣ ಇವೇ ನನ್ನ ಆಯ್ಕೆ. ಮಕ್ಕಳ ತಲೆಯಲ್ಲಿ ಕೂದಲು ಉದುರಿ ಬೋಳು ಬಿಲ್ಲೆ ಆದರೆ ಹಚ್ಚುವ ಯಾವುದೂ ಸಾಲದು, ಕೂದಲ ಬುಡಕ್ಕೆ ಮುಟ್ಟಲು ಹೊಟ್ಟೆಗೆ ಮಾತ್ರೆಯೇ ಬೇಕು.

ಎಣ್ಣೆಗಿಂತ ದೊಡ್ಡ ಅಪಾಯ

ಎಣ್ಣೆ ಬಗ್ಗೆ ಇಷ್ಟು ಬಿಗಿಯಾಗಿ ಹೇಳಿದ ನಾನು ಟ್ಯೂಬುಗಳ ಬಗ್ಗೆಯೂ ಹೇಳದಿದ್ದರೆ ಅನ್ಯಾಯ. "ಮೂರು ಮದ್ದು ಒಟ್ಟಿಗೆ ಇರುವ ಟ್ಯೂಬು ಕೊಡಿ, ಅದಾದ್ರೆ ಒಂದೇ ರಾತ್ರಿಗೆ ಕಡಿಮೆ ಆಗ್ತದೆ" ಎಂದು ಬರುವವರು ಎಣ್ಣೆ ಕೇಳುವವರಿಗಿಂತ ಎಷ್ಟೋ ಹೆಚ್ಚು. ಆ ಟ್ಯೂಬಿನಲ್ಲಿ ಬೂಷ್ಟಿಗೊಂದು ಮದ್ದು, ಬ್ಯಾಕ್ಟೀರಿಯಾಕ್ಕೊಂದು, ಜೊತೆಗೆ ಕ್ಲೊಬೆಟಸಾಲ್ ಅಥವಾ ಬೀಟಾಮೆಥಸೋನ್ ಎಂಬ ಸ್ಟೀರಾಯ್ಡ್. ತುರಿಕೆ ನಿಲ್ಲಿಸುವುದು ಸ್ಟೀರಾಯ್ಡ್. ಅದು ಮಾಡುವುದು ಇಷ್ಟೇ: ಬೂಷ್ಟಿನ ವಿರುದ್ಧ ಚರ್ಮ ಮಾಡುತ್ತಿದ್ದ ಗಲಾಟೆಯನ್ನು ಅಡಗಿಸುತ್ತದೆ. ಕಾವಲಿನ ನಾಯಿಗೆ ನಿದ್ದೆ ಮಾತ್ರೆ ಕೊಟ್ಟ ಮೇಲೆ ಬೊಗಳುವುದು ನಿಂತಿತಲ್ಲ, ಕಳ್ಳ ಹೋದ ಎಂದು ನೆಮ್ಮದಿಯಾಗುತ್ತೇವೆ. ಬೂಷ್ಟು ಉಂಗುರದ ಆಕಾರ ಬಿಟ್ಟು ಮಾರುವೇಷದಲ್ಲಿ ಹರಡುತ್ತದೆ, ತೊಡೆಯ ಚರ್ಮ ತೆಳುವಾಗಿ ಗರ್ಭಿಣಿಯರ ಹೊಟ್ಟೆಯಲ್ಲಿ ಬೀಳುವಂಥ ಗೆರೆ ಬೀಳುತ್ತದೆ. ಆ ಗೆರೆ ಮತ್ತೆ ಹೋಗುವುದಿಲ್ಲ.

2018ರಲ್ಲಿ ಕೇಂದ್ರ ಸರ್ಕಾರ ಹಚ್ಚುವ ಸ್ಟೀರಾಯ್ಡ್‌ಗಳಲ್ಲಿ 14ನ್ನು ಡಾಕ್ಟರ ಚೀಟಿಯಿಲ್ಲದೆ ಕೊಡಬಾರದೆಂದು ಷೆಡ್ಯೂಲ್ ಎಚ್‌ಗೆ ಸೇರಿಸಿತು. ಅದಕ್ಕೂ ಮುಂಚೆ ನಾನೂ ಕೇಳಿದವರಿಗೆಲ್ಲ ಕೊಟ್ಟಿದ್ದೇನೆ, ಸುಳ್ಳು ಹೇಳಲಾರೆ. ಈಗ ಚೀಟಿ ಕೇಳಿದರೆ ಎದುರಿನ ಅಂಗಡಿಗೆ ಹೋಗುತ್ತಾರೆ. ಟ್ಯೂಬಿನ ಹಿಂದೆ "-ಸಾಲ್", "-ಸೋನ್" ಎಂದು ಮುಗಿಯುವ ಹೆಸರು ಇದ್ದರೆ ಎರಡು ಸಲ ಯೋಚಿಸಿ. ತೆಳು ಮಾಡಿದ ಟೀ ಟ್ರೀ ಎಣ್ಣೆಯೋ ಈ ಮೂರು ಮದ್ದಿನ ಟ್ಯೂಬೋ ಎಂದು ಕೇಳಿದರೆ ಕಣ್ಣು ಮುಚ್ಚಿ ಎಣ್ಣೆ ಎನ್ನುತ್ತೇನೆ. ಎಣ್ಣೆ ಕೆಲಸ ಮಾಡದಿದ್ದರೆ ಮಾಡಲಿಲ್ಲ ಎಂದು ಗೊತ್ತಾದರೂ ಆಗುತ್ತದೆ.

ಎಣ್ಣೆಯೇ ಬೇಕು ಎನ್ನುವವರಿಗೆ ಅಳತೆ

20 ಹನಿ ಎಂದರೆ ಸುಮಾರು 1 ಮಿ.ಲೀ. ಹಾಗಾಗಿ 10 ಮಿ.ಲೀ. ತೆಂಗಿನೆಣ್ಣೆಗೆ 10 ಹನಿ ಟೀ ಟ್ರೀ ಹಾಕಿದರೆ ಶೇಕಡಾ 5ರ ಆಸುಪಾಸು, 20 ಹನಿ ಹಾಕಿದರೆ 10. ಪರೀಕ್ಷೆಯ ಶೇಕಡಾ 25 ಬೇಕಾದರೆ ಒಂದು ಪಾಲು ಟೀ ಟ್ರೀಗೆ ಮೂರು ಪಾಲು ತೆಂಗಿನೆಣ್ಣೆ. ಅದು ಬೆರಳ ಸಂದಿಗೆ ಮಾತ್ರ, ಅದೂ ಕಡಿಮೆಯಿಂದ ಶುರು ಮಾಡಿ ಮೇಲೇರಿದ ಮೇಲೆ. ಅಳೆಯಲು ಸೂಜಿ ಇಲ್ಲದ ಸಿರಿಂಜು ಸಾಕು. ಬಿಸಿನೀರಿನ ಬಕೆಟಿಗೆ ಹನಿ ಹಾಕಿ ಕಾಲು ಅದ್ದುವುದು ಬೇಡ. ಎಣ್ಣೆ ನೀರಿಗೆ ಬೆರೆಯದೆ ಮೇಲೆ ತೇಲುತ್ತದೆ, ಅದ್ದಿದ ಕಾಲಿಗೆ ಅಪ್ಪಟ ಎಣ್ಣೆಯೇ ಮೆತ್ತಿಕೊಳ್ಳುತ್ತದೆ.

ಮಾವನ ಕತ್ತಿಯ ಅಲಗಿನ ಹಾಗೆ ಇಲ್ಲೂ ಒಂದು ಪರೀಕ್ಷೆ ಉಂಟು. ಬೆರೆಸಿದ್ದರ ಒಂದು ಹನಿಯನ್ನು ಮುಂಗೈಯ ಒಳಬದಿಗೆ ಹಚ್ಚಿ, ಮೇಲೆ ಬ್ಯಾಂಡೇಡ್ ಅಂಟಿಸಿ, ಎರಡು ದಿನ ಬಿಡಿ. ಕೆಂಪು, ತುರಿಕೆ, ಗುಳ್ಳೆ ಬಂದರೆ ಅದು ನಿಮ್ಮ ಎಣ್ಣೆ ಅಲ್ಲ. ಬರದಿದ್ದರೆ ದಿನಕ್ಕೆರಡು ಸಲ ಹಚ್ಚಿ, ಎರಡು ವಾರದಲ್ಲಿ ಅಂಚು ಹಿಂದೆ ಸರಿಯದಿದ್ದರೆ ಬಿಡಿ, ಟ್ಯೂಬಿಗೆ ಬನ್ನಿ. ಗರ್ಭಿಣಿಯರು, ಎರಡು ವರ್ಷದ ಒಳಗಿನ ಮಕ್ಕಳು ಈ ಆಟಕ್ಕೆ ಇಲ್ಲ.

ಮಾವನಿಗೆ ಗುಳ್ಳೆ ಆರಲು ಹತ್ತು ದಿನ ಹಿಡಿಯಿತು. ಆಮೇಲೆ ಟರ್ಬಿನಾಫಿನ್ ಕ್ರೀಮು, ಎರಡು ವಾರ, ನಾನೇ ನಿಂತು ಹಚ್ಚಿಸಿದೆ. ಅವರ ತೋರ್ತು (ಟವೆಲು) ಬೇರೆ, ಕಾಲುಚೀಲ ದಿನಾ ಬದಲು, ಒಗೆದದ್ದನ್ನು ಬಚ್ಚಲೊಲೆಯ ಮೇಲಿನ ಹಗ್ಗದಲ್ಲಿ ಒಣಗಿಸಿ ಇಸ್ತ್ರಿ. ಹಂಡೆಯ ಕುದಿನೀರು ಇರುವ ಮನೆಯಲ್ಲಿ ಬಟ್ಟೆ ಬಿಸಿನೀರಲ್ಲಿ ಒಗೆಯುವುದಕ್ಕೆ ಖರ್ಚೇನೂ ಇಲ್ಲ. ಈಗ ಟೀ ಟ್ರೀ ಬೆರೆಸಿದ ಒಂದು ಸಣ್ಣ ಬಾಟಲಿಯೂ ಅವರ ಕಿಟಕಿಯಲ್ಲಿದೆ, ಶೇಕಡಾ 10ರದ್ದು, ಅವರೇ ಸಿರಿಂಜಿನಲ್ಲಿ ಅಳೆದು ಮಾಡಿದ್ದು, ಮೇಲೆ ತಾರೀಕು. ಕಾಲು ಗುಣವಾದ ಮೇಲೂ ಮಳೆ ಬಿಡುವವರೆಗೆ ವಾರಕ್ಕೆ ಎರಡು ಸಲ ಹಚ್ಚಿಕೊಳ್ಳುತ್ತಾರೆ. ಉಪಯೋಗ ಎಷ್ಟೋ, ನಾನು ಬೇಡ ಎನ್ನಲಿಲ್ಲ. ಗಂಬೂಟು ಮಾತ್ರ ಎರಡು ಜೊತೆ ಮಾಡಿಸಿದೆ. ಒಂದು ಜೊತೆ ಕಾಲಲ್ಲಿ, ಇನ್ನೊಂದರೊಳಗೆ ಹಳೆ ಪೇಪರು ತುರುಕಿ ಒಲೆಯ ಪಕ್ಕ ಬೋರಲು.